ಅಮೆರಿಕದಲ್ಲಿ ಹ್ಯಾಂಡ್‌ಗನ್ ಒಯ್ಯುವ ನಿಯಮ: ರಾಜ್ಯದ ಗಡಿ ದಾಟಿದರೆ ಲೈಸೆನ್ಸ್ ನಡೆಯುತ್ತಾ? ವೀಸಾದಲ್ಲಿರುವವರು ತಿಳಿಯಬೇಕಾದ್ದೇನು?

2013ರ ಅಕ್ಟೋಬರ್. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಫಿಲಡೆಲ್ಫಿಯಾ ನಗರದ ಮಹಿಳೆಯೊಬ್ಬರು ಪಕ್ಕದ ನ್ಯೂಜೆರ್ಸಿ ರಾಜ್ಯದಲ್ಲಿ ಕಾರು ಚಲಾಯಿಸುತ್ತಿದ್ದರು. ಸಂಚಾರ ನಿಯಮ ಉಲ್ಲಂಘನೆಯ ಕಾರಣಕ್ಕೆ ಪೊಲೀಸರು ಕಾರು ನಿಲ್ಲಿಸಿದರು. ಇಬ್ಬರು ಮಕ್ಕಳ ತಾಯಿಯಾದ ಆಕೆ ತನ್ನ ಬಳಿ ಪಿಸ್ತೂಲ್ ಇದೆ, ಅದಕ್ಕೆ ಲೈಸೆನ್ಸ್ ಕೂಡ ಇದೆ ಎಂದು ತಾನಾಗಿಯೇ ಹೇಳಿದರು. ಆ ಪ್ರಾಮಾಣಿಕತೆಯೇ ಆಕೆಗೆ ಮುಳುವಾಯಿತು.

ಆಕೆಯ ಬಳಿ ಇದ್ದದ್ದು ಪೆನ್ಸಿಲ್ವೇನಿಯಾದ ಲೈಸೆನ್ಸ್. ನ್ಯೂಜೆರ್ಸಿ ಬೇರೆ ಯಾವ ರಾಜ್ಯದ ಲೈಸೆನ್ಸನ್ನೂ ಮಾನ್ಯ ಮಾಡುವುದಿಲ್ಲ. ಹೀಗಾಗಿ ಸ್ಥಳದಲ್ಲೇ ಬಂಧನವಾಯಿತು. ವಾರಗಟ್ಟಲೆ ಜೈಲಿನಲ್ಲಿ ಕಳೆಯಬೇಕಾಯಿತು. ಅಪರಾಧ ಸಾಬೀತಾಗಿದ್ದರೆ ಕನಿಷ್ಠ ಮೂರು ವರ್ಷಕ್ಕೂ ಹೆಚ್ಚು ಕಾಲ ಪೆರೋಲ್ ಇಲ್ಲದ ಶಿಕ್ಷೆ ಕಾದಿತ್ತು. ಪ್ರಕರಣ ದೇಶಾದ್ಯಂತ ಚರ್ಚೆಯಾದ ಬಳಿಕ 2014ರಲ್ಲಿ ಜೈಲುಶಿಕ್ಷೆಯಿಂದ ಪಾರಾಗುವ ಅವಕಾಶ ಸಿಕ್ಕಿತು. 2015ರ ಏಪ್ರಿಲ್‌ನಲ್ಲಿ ಅಂದಿನ ಗವರ್ನರ್ ಕ್ರಿಸ್ ಕ್ರಿಸ್ಟಿ ಕ್ಷಮಾದಾನ ನೀಡಿದರು.

ಫಿಲಡೆಲ್ಫಿಯಾ ಮತ್ತು ನ್ಯೂಜೆರ್ಸಿ ನಡುವೆ ಇರುವುದು ಒಂದು ನದಿ, ಕೆಲವು ಸೇತುವೆಗಳು ಮಾತ್ರ. ಸೇತುವೆಯ ಈ ಬದಿಯಲ್ಲಿ ಕಾನೂನುಬದ್ಧವಾಗಿದ್ದ ವಸ್ತು ಆ ಬದಿಯಲ್ಲಿ ಗಂಭೀರ ಅಪರಾಧವಾಗುತ್ತದೆ. ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್‌ನ ಎಷ್ಟೋ ಕನ್ನಡ ಕುಟುಂಬಗಳ ಮಕ್ಕಳು ಇಂದು ಅಮೆರಿಕದಲ್ಲಿ ಓದುತ್ತಿದ್ದಾರೆ, ದುಡಿಯುತ್ತಿದ್ದಾರೆ. ಹೆತ್ತವರು ಆಗಾಗ ಅಲ್ಲಿಗೆ ಹೋಗಿ ಬರುತ್ತಾರೆ. ಹೀಗಾಗಿ ಅಲ್ಲಿನ ಹ್ಯಾಂಡ್‌ಗನ್ ಕಾನೂನು ಹೇಗೆ ಕೆಲಸ ಮಾಡುತ್ತದೆ, ವೀಸಾದಲ್ಲಿರುವವರಿಗೆ ಯಾವ ನಿಯಮ ಅನ್ವಯವಾಗುತ್ತದೆ ಎಂಬುದು ಗೊತ್ತಿರುವುದು ಒಳ್ಳೆಯದು. ಇಲ್ಲಿದೆ ವಿವರ.

ಭಾರತಕ್ಕೂ ಅಮೆರಿಕಕ್ಕೂ ಇರುವ ಮೂಲ ವ್ಯತ್ಯಾಸ

ಭಾರತದಲ್ಲಿ ಬಂದೂಕು ಇಟ್ಟುಕೊಳ್ಳಲು ಇಡೀ ದೇಶಕ್ಕೆ ಅನ್ವಯವಾಗುವುದು ಒಂದೇ ಕಾಯ್ದೆ. ಅದು 1959ರ ಶಸ್ತ್ರಾಸ್ತ್ರ ಕಾಯ್ದೆ. ಅದರಡಿ 2016ರ ಶಸ್ತ್ರಾಸ್ತ್ರ ನಿಯಮಗಳಿವೆ. ಲೈಸೆನ್ಸ್ ಇಲ್ಲದೆ ಪಿಸ್ತೂಲ್ ಅಥವಾ ರಿವಾಲ್ವರ್ ಇಟ್ಟುಕೊಳ್ಳುವಂತಿಲ್ಲ. ಆ ಲೈಸೆನ್ಸ್ ಯಾವ ಪ್ರದೇಶದಲ್ಲಿ ಊರ್ಜಿತ ಎಂಬುದನ್ನು ಲೈಸೆನ್ಸ್ ಪುಸ್ತಕದಲ್ಲೇ ಬರೆದಿರುತ್ತಾರೆ. ಶಸ್ತ್ರ ಹೊಂದುವುದು ಇಲ್ಲಿ ಮೂಲಭೂತ ಹಕ್ಕಲ್ಲ, ಸರ್ಕಾರ ಕೊಡುವ ಅನುಮತಿ.

ಅಮೆರಿಕದಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿನ ಸಂವಿಧಾನಕ್ಕೆ 1791ರಲ್ಲಿ ಸೇರಿದ ಎರಡನೇ ತಿದ್ದುಪಡಿ ಶಸ್ತ್ರ ಹೊಂದುವುದನ್ನು ಜನರ ಹಕ್ಕು ಎನ್ನುತ್ತದೆ. ಆದರೆ ಆ ಹಕ್ಕನ್ನು ಹೇಗೆ ಬಳಸಬೇಕು, ಎಲ್ಲಿ ಬಳಸಬಾರದು ಎಂಬ ನಿಯಮಗಳನ್ನು ಬಹುಪಾಲು ಆಯಾ ರಾಜ್ಯಗಳೇ ರೂಪಿಸುತ್ತವೆ. ಅದರ ಮೇಲೆ ಇಡೀ ದೇಶಕ್ಕೆ ಅನ್ವಯವಾಗುವ ಫೆಡರಲ್ ಕಾನೂನುಗಳೂ ಇವೆ. ಕೆಲವೆಡೆ ನಗರಗಳದ್ದೇ ಬೇರೆ ನಿಯಮ. ಪಿಸ್ತೂಲ್ ಇಟ್ಟುಕೊಂಡು ಹೊರಗೆ ಹೊರಟವರು ಈ ಎಲ್ಲವನ್ನೂ ಪಾಲಿಸಬೇಕು.

ಸುಪ್ರೀಂ ಕೋರ್ಟ್ ತೀರ್ಪುಗಳು ಏನು ಹೇಳುತ್ತವೆ?

ಇಂದಿನ ಸ್ಥಿತಿ ಅರ್ಥವಾಗಬೇಕಾದರೆ ಅಮೆರಿಕದ ಸುಪ್ರೀಂ ಕೋರ್ಟ್‌ನ ನಾಲ್ಕು ತೀರ್ಪುಗಳು ಮುಖ್ಯ.

2008ರ 'ಹೆಲ್ಲರ್' ಪ್ರಕರಣದಲ್ಲಿ ಕೋರ್ಟ್ ರಾಜಧಾನಿ ವಾಷಿಂಗ್ಟನ್ ಡಿಸಿಯ ಹ್ಯಾಂಡ್‌ಗನ್ ನಿಷೇಧವನ್ನು ರದ್ದುಪಡಿಸಿತು. ಆತ್ಮರಕ್ಷಣೆಗೆ ಮನೆಯಲ್ಲಿ ಹ್ಯಾಂಡ್‌ಗನ್ ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕು ಎಂದಿತು. 2010ರ 'ಮೆಕ್‌ಡೊನಾಲ್ಡ್' ಪ್ರಕರಣ ಷಿಕಾಗೊ ನಗರದ ನಿಯಮಕ್ಕೆ ಸಂಬಂಧಿಸಿದ್ದು. ಈ ಹಕ್ಕಿಗೆ ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳೂ ಬದ್ಧ ಎಂದು ಅದರಲ್ಲಿ ತೀರ್ಪಾಯಿತು.

2022ರ ಜೂನ್ 23ರಂದು ಬಂದ 'ಬ್ರೂಯೆನ್' ತೀರ್ಪು ಎಲ್ಲಕ್ಕಿಂತ ದೊಡ್ಡ ಬದಲಾವಣೆ ತಂದಿತು. ಅದುವರೆಗೆ ನ್ಯೂಯಾರ್ಕ್‌ನಲ್ಲಿ ಪಿಸ್ತೂಲ್ ಒಯ್ಯುವ ಲೈಸೆನ್ಸ್ ಬೇಕಾದರೆ ತಮಗೆ ವಿಶೇಷ ಕಾರಣವಿದೆ ಎಂದು ಅರ್ಜಿದಾರರು ಅಧಿಕಾರಿಗೆ ಮನವರಿಕೆ ಮಾಡಬೇಕಿತ್ತು. ಈ ಪದ್ಧತಿಯ ಬೇರು 1911ರ ಸಲಿವನ್ ಕಾಯ್ದೆಯಲ್ಲಿತ್ತು. 6-3 ಬಹುಮತದಲ್ಲಿ ಕೋರ್ಟ್ ಇದನ್ನು ತಳ್ಳಿಹಾಕಿತು. ಮನೆಯ ಹೊರಗೂ ಆತ್ಮರಕ್ಷಣೆಗೆ ಹ್ಯಾಂಡ್‌ಗನ್ ಒಯ್ಯುವ ಹಕ್ಕಿದೆ ಎಂದಿತು. ಹೀಗಾಗಿ ನ್ಯೂಯಾರ್ಕ್ ಮಾತ್ರವಲ್ಲದೆ ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ಮೇರಿಲ್ಯಾಂಡ್, ಮ್ಯಾಸಚೂಸೆಟ್ಸ್, ಹವಾಯಿ ರಾಜ್ಯಗಳೂ ನಿಯಮ ಬದಲಿಸಬೇಕಾಯಿತು.

ಹಾಗೆಂದು ಎಲ್ಲ ನಿರ್ಬಂಧಗಳೂ ಬಿದ್ದುಹೋಗಲಿಲ್ಲ. 2024ರ ಜೂನ್‌ನಲ್ಲಿ ಬಂದ 'ರಹೀಮಿ' ತೀರ್ಪಿನಲ್ಲಿ ಕೋರ್ಟ್ 8-1 ಬಹುಮತದಿಂದ ನಿರ್ಬಂಧವೊಂದನ್ನು ಎತ್ತಿಹಿಡಿಯಿತು. ಕೌಟುಂಬಿಕ ಹಿಂಸೆಯ ಕಾರಣಕ್ಕೆ ನ್ಯಾಯಾಲಯದ ತಡೆಯಾಜ್ಞೆ ಇರುವವರಿಂದ ಬಂದೂಕು ದೂರವಿಡುವ ಕಾನೂನು ಸರಿಯೇ ಎಂದಿತು. ಲೈಸೆನ್ಸ್ ಕೇಳುವುದು, ಹಿನ್ನೆಲೆ ಪರಿಶೀಲಿಸುವುದು, ತರಬೇತಿ ಕಡ್ಡಾಯ ಮಾಡುವುದು, ಕೆಲವು ಜಾಗಗಳಲ್ಲಿ ನಿಷೇಧಿಸುವುದು ರಾಜ್ಯಗಳ ಕೈಯಲ್ಲೇ ಉಳಿದಿದೆ.

ಲೈಸೆನ್ಸ್ ಬೇಕಾದ ರಾಜ್ಯ, ಬೇಡವಾದ ರಾಜ್ಯ

ಪಿಸ್ತೂಲನ್ನು ಬಟ್ಟೆಯ ಮರೆಯಲ್ಲಿ, ಯಾರಿಗೂ ಕಾಣದಂತೆ ಒಯ್ಯುವುದನ್ನು ಅಲ್ಲಿ 'ಕನ್ಸೀಲ್ಡ್ ಕ್ಯಾರಿ' ಎನ್ನುತ್ತಾರೆ. ಸೊಂಟದಲ್ಲಿ ಎಲ್ಲರಿಗೂ ಕಾಣುವಂತೆ ಒಯ್ಯುವುದು 'ಓಪನ್ ಕ್ಯಾರಿ'. ಎರಡಕ್ಕೂ ಪ್ರತ್ಯೇಕ ನಿಯಮ. ಒಂದು ರಾಜ್ಯ ಎರಡನ್ನೂ ಒಪ್ಪಬಹುದು, ಇನ್ನೊಂದು ಒಂದನ್ನಷ್ಟೇ ಒಪ್ಪಬಹುದು.

2024ರ ಜುಲೈ ವೇಳೆಗೆ 29 ರಾಜ್ಯಗಳಲ್ಲಿ ಕನ್ಸೀಲ್ಡ್ ಕ್ಯಾರಿಗೆ ಲೈಸೆನ್ಸ್ ಕಡ್ಡಾಯವಲ್ಲ ಎಂಬ ಸ್ಥಿತಿ ಬಂದಿತ್ತು. ವರ್ಮಾಂಟ್ ಎಂದೂ ಲೈಸೆನ್ಸ್ ಕೇಳಿದ ರಾಜ್ಯವಲ್ಲ. ಅಲಾಸ್ಕ 2003ರಲ್ಲಿ, ಅರಿಜೋನಾ 2010ರಲ್ಲಿ, ಟೆಕ್ಸಾಸ್ 2021ರ ಸೆಪ್ಟೆಂಬರ್‌ನಲ್ಲಿ, ಫ್ಲಾರಿಡಾ 2023ರ ಜುಲೈನಲ್ಲಿ ಈ ಸಾಲಿಗೆ ಸೇರಿದವು. 2024ರಲ್ಲಿ ಸೌತ್ ಕ್ಯಾರೊಲಿನಾ ಮತ್ತು ಲೂಸಿಯಾನಾ ಸೇರಿದವು.

ಲೈಸೆನ್ಸ್ ಬೇಡ ಎಂದ ಮಾತ್ರಕ್ಕೆ ಯಾರು ಬೇಕಾದರೂ ಒಯ್ಯಬಹುದು ಎಂದಲ್ಲ. ವಯಸ್ಸಿನ ಮಿತಿ ಇರುತ್ತದೆ. ಅಪರಾಧ ಹಿನ್ನೆಲೆಯವರಿಗೆ ಅವಕಾಶವಿಲ್ಲ. ಫೆಡರಲ್ ಕಾನೂನಿನ ಪ್ರಕಾರ ಬಂದೂಕು ಹೊಂದಲು ಅನರ್ಹರಾದವರಿಗೆ ಯಾವ ರಾಜ್ಯದಲ್ಲೂ ವಿನಾಯಿತಿ ಸಿಗುವುದಿಲ್ಲ. ವೀಸಾದಲ್ಲಿರುವ ಬಹುತೇಕ ವಿದೇಶಿಯರು ಈ ಅನರ್ಹರ ಪಟ್ಟಿಯಲ್ಲೇ ಬರುತ್ತಾರೆ. ಅದರ ವಿವರ ಮುಂದಿದೆ.

ಭಾರತೀಯರು ಹೆಚ್ಚಿರುವ ಐದು ರಾಜ್ಯಗಳಲ್ಲಿ ನಿಯಮ ಏನು?

ಟೆಕ್ಸಾಸ್: 21 ವರ್ಷ ತುಂಬಿದ, ಕಾನೂನಿನ ಪ್ರಕಾರ ಅರ್ಹರಾದವರು ಲೈಸೆನ್ಸ್ ಇಲ್ಲದೆಯೂ ಹ್ಯಾಂಡ್‌ಗನ್ ಒಯ್ಯಬಹುದು. ಹೊರಗೆ ಕಾಣುವಂತಿದ್ದರೆ ಅದು ಹೋಲ್‌ಸ್ಟರ್‌ನಲ್ಲಿರಬೇಕು. ಆದರೆ ಅಂಗಡಿ, ಕಚೇರಿಗಳ ಬಾಗಿಲಲ್ಲಿ '30.06', '30.07' ಸಂಖ್ಯೆ ನಮೂದಿಸಿದ ಫಲಕಗಳು ಕಾಣುತ್ತವೆ. ಇವು ಕಾನೂನಿನ ಸೆಕ್ಷನ್ ಸಂಖ್ಯೆಗಳು. ಮೊದಲನೆಯದು ಮರೆಮಾಡಿ ಒಯ್ಯುವುದನ್ನು, ಎರಡನೆಯದು ಕಾಣುವಂತೆ ಒಯ್ಯುವುದನ್ನು ಲೈಸೆನ್ಸ್ ಇದ್ದವರಿಗೂ ನಿಷೇಧಿಸುತ್ತದೆ. ಆದಾಯದ ಶೇ 51ರಷ್ಟು ಅಥವಾ ಅದಕ್ಕೂ ಹೆಚ್ಚು ಮದ್ಯ ಮಾರಾಟದಿಂದ ಬರುವ ಬಾರ್‌ಗಳಲ್ಲಿ ಕೆಂಪು ಬಣ್ಣದ '51%' ಫಲಕವಿರುತ್ತದೆ. ಅಲ್ಲಿಗೂ ಪಿಸ್ತೂಲ್ ಒಯ್ಯುವಂತಿಲ್ಲ.

ಕ್ಯಾಲಿಫೋರ್ನಿಯಾ: ಕೌಂಟಿಯ ಷೆರಿಫ್ ಅಥವಾ ನಗರದ ಪೊಲೀಸ್ ಮುಖ್ಯಸ್ಥರಿಂದ ಲೈಸೆನ್ಸ್ ಪಡೆಯಬೇಕು. ಬೇರೆ ರಾಜ್ಯದ ಲೈಸೆನ್ಸ್‌ಗೆ ಇಲ್ಲಿ ಬೆಲೆಯಿಲ್ಲ. ಲೈಸೆನ್ಸ್ ಇಲ್ಲದವರು ಕಾರಿನಲ್ಲಿ ಸಾಗಿಸುವಾಗ ಗುಂಡು ತೆಗೆದು, ಬೀಗ ಹಾಕಿದ ಪೆಟ್ಟಿಗೆಯಲ್ಲಿ ಅಥವಾ ಕಾರಿನ ಡಿಕ್ಕಿಯಲ್ಲಿಟ್ಟು ಬೀಗ ಹಾಕಬೇಕು. ಡ್ಯಾಶ್‌ಬೋರ್ಡ್‌ನ ಗ್ಲೋವ್ ಬಾಕ್ಸ್‌ಗೆ ಬೀಗವಿದ್ದರೂ ಅದು ಲೆಕ್ಕಕ್ಕಿಲ್ಲ. 10ಕ್ಕಿಂತ ಹೆಚ್ಚು ಗುಂಡು ಹಿಡಿಸುವ ಮ್ಯಾಗಜಿನ್‌ಗಳನ್ನು ರಾಜ್ಯದೊಳಗೆ ತರುವಂತಿಲ್ಲ.

ನ್ಯೂಜೆರ್ಸಿ: ದೇಶದ ಅತಿ ಕಠಿಣ ಕಾನೂನುಗಳಲ್ಲಿ ಒಂದು. ಒಯ್ಯಲು ರಾಜ್ಯದ್ದೇ ಪರ್ಮಿಟ್ ಬೇಕು. ಪರ್ಮಿಟ್ ಇಲ್ಲದೆ ಸಾಗಿಸುವುದಾದರೆ ಮನೆ, ಅಂಗಡಿ, ಶೂಟಿಂಗ್ ರೇಂಜ್ ಹೀಗೆ ಕಾನೂನು ಹೆಸರಿಸಿದ ಜಾಗಗಳ ನಡುವೆ ಮಾತ್ರ. ಆಗಲೂ ಗುಂಡು ತೆಗೆದಿರಬೇಕು, ಭದ್ರವಾಗಿ ಮುಚ್ಚಿದ ಪೆಟ್ಟಿಗೆಯಲ್ಲಿ ಅಥವಾ ಬೀಗ ಹಾಕಿದ ಡಿಕ್ಕಿಯಲ್ಲಿರಬೇಕು. ದಾರಿಯಲ್ಲಿ ಅನಗತ್ಯವಾಗಿ ಬೇರೆಡೆ ತಿರುಗಿದರೂ ತೊಂದರೆ. ಮ್ಯಾಗಜಿನ್‌ಗೆ 10 ಗುಂಡಿನ ಮಿತಿ. ತುದಿಯಲ್ಲಿ ಕುಳಿ ಇರುವ 'ಹಾಲೋ ಪಾಯಿಂಟ್' ಗುಂಡುಗಳ ಮೇಲೂ ನಿರ್ಬಂಧವಿದೆ.

ನ್ಯೂಯಾರ್ಕ್: ಮನೆಯಲ್ಲಿ ಹ್ಯಾಂಡ್‌ಗನ್ ಇಟ್ಟುಕೊಳ್ಳಲೂ ಲೈಸೆನ್ಸ್ ಬೇಕು. ಅದೇ ರಾಜ್ಯದ ಬೇರೆ ಕೌಂಟಿಯಲ್ಲಿ ಪಡೆದ ಲೈಸೆನ್ಸ್ ಕೂಡ ನ್ಯೂಯಾರ್ಕ್ ನಗರದಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ. ಅದಕ್ಕೆ ನಗರ ಪೊಲೀಸರ ವಿಶೇಷ ಅನುಮತಿ ಬೇಕು. ಬ್ರೂಯೆನ್ ತೀರ್ಪಿನ ಬಳಿಕ 2022ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಕಾಯ್ದೆ 'ಸೂಕ್ಷ್ಮ ಸ್ಥಳ'ಗಳ ದೊಡ್ಡ ಪಟ್ಟಿ ಮಾಡಿದೆ. ಟೈಮ್ಸ್ ಸ್ಕ್ವೇರ್ ಮತ್ತು ಸಬ್‌ವೇ ರೈಲು ಅದರಲ್ಲಿವೆ. ಲೈಸೆನ್ಸ್ ಇಲ್ಲದೆ ಗುಂಡು ತುಂಬಿದ ಪಿಸ್ತೂಲ್ ಹಿಡಿದು ಹೊರಗೆ ಸಿಕ್ಕಿಬಿದ್ದರೆ ಮೂರೂವರೆ ವರ್ಷದಿಂದ 15 ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದು.

ಇಲಿನಾಯ್: ಷಿಕಾಗೊ ಇರುವ ಈ ರಾಜ್ಯದ ನಿವಾಸಿಗಳು ಬಂದೂಕು ಹೊಂದಲು ಒಂದು ಗುರುತಿನ ಚೀಟಿ, ಒಯ್ಯಲು ಬೇರೊಂದು ಲೈಸೆನ್ಸ್ ಪಡೆಯಬೇಕು. ಓಪನ್ ಕ್ಯಾರಿಗೆ ಅವಕಾಶವಿಲ್ಲ. ತಮ್ಮ ರಾಜ್ಯದಲ್ಲಿ ಒಯ್ಯಲು ಅರ್ಹತೆ ಇರುವ ಹೊರರಾಜ್ಯದವರು ಕಾರಿನೊಳಗೆ ಇಟ್ಟುಕೊಳ್ಳಬಹುದು. ಕಾರಿನಿಂದ ಇಳಿದು ಹೋಗುವಾಗ ಪಿಸ್ತೂಲನ್ನು ವಾಹನದೊಳಗೆ ಬೀಗ ಹಾಕಿ ಬಿಡಬೇಕು.

ಒಂದು ರಾಜ್ಯದ ಲೈಸೆನ್ಸ್ ಇನ್ನೊಂದರಲ್ಲಿ ನಡೆಯುತ್ತಾ?

ಡ್ರೈವಿಂಗ್ ಲೈಸೆನ್ಸ್‌ನಂತೆ ಇದೂ ಎಲ್ಲೆಡೆ ನಡೆಯುತ್ತದೆ ಎಂದುಕೊಂಡೇ ಹಲವರು ತೊಂದರೆಗೆ ಸಿಲುಕುತ್ತಾರೆ. ಟೆಕ್ಸಾಸ್‌ನ ಡ್ರೈವಿಂಗ್ ಲೈಸೆನ್ಸ್ ಹಿಡಿದು ನ್ಯೂಯಾರ್ಕ್‌ನಲ್ಲಿ ಕಾರು ಓಡಿಸಬಹುದು. ಆದರೆ ಪಿಸ್ತೂಲಿನ ಲೈಸೆನ್ಸ್‌ಗೆ ಆ ಅನುಕೂಲವಿಲ್ಲ.

ಯಾವ ರಾಜ್ಯದ ಲೈಸೆನ್ಸನ್ನು ಮಾನ್ಯ ಮಾಡಬೇಕು ಎಂಬುದನ್ನು ಪ್ರತಿ ರಾಜ್ಯವೂ ತಾನೇ ನಿರ್ಧರಿಸುತ್ತದೆ. ಕೆಲವು ರಾಜ್ಯಗಳು ಎಲ್ಲವನ್ನೂ ಒಪ್ಪುತ್ತವೆ. ಕೆಲವು ತಮ್ಮಷ್ಟೇ ಕಠಿಣ ನಿಯಮವಿರುವ ರಾಜ್ಯಗಳದ್ದನ್ನು ಮಾತ್ರ ಒಪ್ಪುತ್ತವೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ, ಹವಾಯಿ, ಮೇರಿಲ್ಯಾಂಡ್ ಯಾವುದನ್ನೂ ಒಪ್ಪುವುದಿಲ್ಲ.

ಎಲ್ಲ ರಾಜ್ಯಗಳೂ ಪರಸ್ಪರ ಲೈಸೆನ್ಸ್ ಒಪ್ಪುವಂತೆ ಮಾಡುವ ಮಸೂದೆಯೊಂದನ್ನು ಅಮೆರಿಕ ಸಂಸತ್ತಿನ ಕೆಳಮನೆ 2017ರ ಡಿಸೆಂಬರ್‌ನಲ್ಲಿ 231-198 ಮತಗಳಿಂದ ಅಂಗೀಕರಿಸಿತ್ತು. ಸೆನೆಟ್‌ನಲ್ಲಿ ಅದಕ್ಕೆ ಒಪ್ಪಿಗೆ ಸಿಗಲಿಲ್ಲ. 2025ರ ಜನವರಿಯಲ್ಲಿ ಮತ್ತೆ ಮಂಡನೆಯಾಯಿತು.

ಇದರ ಪರ ಇರುವವರು ಹಕ್ಕು ರಾಜ್ಯದ ಗಡಿಯಲ್ಲಿ ಮುಗಿಯಬಾರದು ಎನ್ನುತ್ತಾರೆ. ತರಬೇತಿಯನ್ನೇ ಕೇಳದ ರಾಜ್ಯದ ನಿಯಮವನ್ನು ತರಬೇತಿ ಕಡ್ಡಾಯ ಮಾಡಿದ ರಾಜ್ಯದ ಮೇಲೆ ಹೇರಿದಂತಾಗುತ್ತದೆ ಎಂಬುದು ವಿರೋಧಿಗಳ ವಾದ.

ಗಡಿ ದಾಟಿ ಸಾಗಿಸಲು ಇರುವ ಫೆಡರಲ್ ರಕ್ಷಣೆ

ಹಾಗಾದರೆ ಕಠಿಣ ಕಾನೂನಿನ ರಾಜ್ಯವನ್ನು ಹಾದು ಹೋಗಲೇಬೇಕಾದವರು ಏನು ಮಾಡಬೇಕು? ಇದಕ್ಕಾಗಿ 1986ರಲ್ಲಿ ಬಂದೂಕು ಮಾಲೀಕರ ರಕ್ಷಣಾ ಕಾಯ್ದೆ ಬಂತು. ಅದರಲ್ಲಿ 'ಸುರಕ್ಷಿತ ಹಾದುಹೋಗುವಿಕೆ'ಗೆ ಅವಕಾಶವಿದೆ. ಷರತ್ತುಗಳು ಹೀಗಿವೆ.

* ಹೊರಡುವ ಸ್ಥಳ ಮತ್ತು ತಲುಪುವ ಸ್ಥಳ ಎರಡರಲ್ಲೂ ಆ ಪಿಸ್ತೂಲ್ ಹೊಂದುವುದು, ಒಯ್ಯುವುದು ಕಾನೂನುಬದ್ಧವಾಗಿರಬೇಕು.
* ಪಿಸ್ತೂಲಿನಲ್ಲಿ ಗುಂಡು ಇರಬಾರದು.
* ಪಿಸ್ತೂಲ್ ಆಗಲಿ, ಗುಂಡುಗಳಾಗಲಿ ಕಾರಿನಲ್ಲಿ ಕುಳಿತವರ ಕೈಗೆ ಸುಲಭವಾಗಿ ಸಿಗುವಂತಿರಬಾರದು. ಅಂದರೆ ಡಿಕ್ಕಿಯಲ್ಲಿರಬೇಕು.
* ಪ್ರತ್ಯೇಕ ಡಿಕ್ಕಿ ಇಲ್ಲದ ವಾಹನವಾದರೆ ಬೀಗ ಹಾಕಿದ ಪೆಟ್ಟಿಗೆಯಲ್ಲಿಡಬೇಕು. ಗ್ಲೋವ್ ಬಾಕ್ಸ್ ಅಥವಾ ಸೀಟುಗಳ ನಡುವಿನ ಕನ್ಸೋಲ್ ಆಗದು.

ಫಿಲಡೆಲ್ಫಿಯಾದ ಮಹಿಳೆಗೆ ಈ ರಕ್ಷಣೆ ಏಕೆ ಒದಗಲಿಲ್ಲ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ನ್ಯೂಜೆರ್ಸಿಯಲ್ಲಿ ಪಿಸ್ತೂಲ್ ಒಯ್ಯಲು ಆಕೆಗೆ ಅನುಮತಿಯೇ ಇರಲಿಲ್ಲ. ಜತೆಗೆ ಅದರಲ್ಲಿ ಗುಂಡು ತುಂಬಿತ್ತು.

ದಾರಿಯಲ್ಲಿ ಒಂದು ರಾತ್ರಿ ತಂಗಿದರೆ?

ಷರತ್ತುಗಳನ್ನೆಲ್ಲ ಪಾಲಿಸಿದವರೂ ಸಿಲುಕಿಬಿದ್ದ ಉದಾಹರಣೆ ಇದೆ. 2005ರಲ್ಲಿ ಯೂಟಾ ರಾಜ್ಯದ ಪ್ರಯಾಣಿಕರೊಬ್ಬರು ನ್ಯೂಜೆರ್ಸಿಯ ನೆವಾರ್ಕ್ ವಿಮಾನ ನಿಲ್ದಾಣದ ಮೂಲಕ ಪೆನ್ಸಿಲ್ವೇನಿಯಾಕ್ಕೆ ಹೊರಟಿದ್ದರು. ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಗುಂಡು ತೆಗೆದ ಪಿಸ್ತೂಲ್ ಚೆಕ್-ಇನ್ ಲಗೇಜಿನಲ್ಲಿತ್ತು. ಹೊರಡುವಾಗ ನಿಯಮದಂತೆ ಘೋಷಿಸಿಯೂ ಇದ್ದರು.

ಆದರೆ ವಿಮಾನ ತಡವಾಗಿ, ಮುಂದಿನ ವಿಮಾನ ತಪ್ಪಿತು. ಲಗೇಜ್ ಕೈಗೆ ಬಂತು. ಅದರೊಂದಿಗೆ ರಾತ್ರಿ ಹೋಟೆಲ್‌ನಲ್ಲಿ ಉಳಿದರು. ಮರುದಿನ ಬೆಳಗ್ಗೆ ಮತ್ತೆ ವಿಮಾನ ನಿಲ್ದಾಣಕ್ಕೆ ಬಂದು ಪಿಸ್ತೂಲ್ ಇದೆ ಎಂದು ಘೋಷಿಸಿದಾಗ ಬಂಧನವಾಯಿತು. ಆಮೇಲೆ ಆರೋಪಗಳನ್ನು ಕೈಬಿಟ್ಟರೂ, ತಪ್ಪಾಗಿ ಬಂಧಿಸಿದ್ದಕ್ಕೆ ಪರಿಹಾರ ಕೋರಿ ಅವರು ಹೂಡಿದ ದಾವೆ ಬಿದ್ದುಹೋಯಿತು. ರಾತ್ರಿಯಿಡೀ ಪಿಸ್ತೂಲ್ ಅವರ ಕೈಗೆ ಸಿಗುವಂತಿತ್ತು, ಹಾಗಾಗಿ ಫೆಡರಲ್ ರಕ್ಷಣೆ ಅನ್ವಯಿಸದು ಎಂದು ಮೇಲ್ಮನವಿ ನ್ಯಾಯಾಲಯ 2010ರಲ್ಲಿ ಹೇಳಿತು.

ಇದರ ಪಾಠ ಸರಳ. ವಿಮಾನ ರದ್ದಾಗಿ ಅಥವಾ ಮಾರ್ಗ ಬದಲಾಗಿ ಕಠಿಣ ಕಾನೂನಿನ ರಾಜ್ಯದಲ್ಲಿ ಇಳಿಯಬೇಕಾಗಿ ಬಂದರೆ, ಪಿಸ್ತೂಲ್ ಇರುವ ಲಗೇಜನ್ನು ಕೈಗೆ ತೆಗೆದುಕೊಳ್ಳದೆ ವಿಮಾನ ಸಂಸ್ಥೆಯ ವಶದಲ್ಲೇ ಬಿಡುವುದು ಕ್ಷೇಮ.

ಒಂದು ಪ್ರಯಾಣ, ನಾಲ್ಕು ಕಾನೂನು

ಟೆಕ್ಸಾಸ್‌ನ ಲೈಸೆನ್ಸ್ ಇರುವ ಅಮೆರಿಕನ್ ನಾಗರಿಕರೊಬ್ಬರು ಲಾಸ್ ಏಂಜಲೀಸ್‌ಗೆ ಕಾರಿನಲ್ಲಿ ಹೊರಟಿದ್ದಾರೆ ಎಂದುಕೊಳ್ಳಿ. ಟೆಕ್ಸಾಸ್‌ನಲ್ಲಿ ಗುಂಡು ತುಂಬಿದ ಪಿಸ್ತೂಲ್ ಕಾರಿನಲ್ಲಿದ್ದರೆ ಸಮಸ್ಯೆಯಿಲ್ಲ. ಮುಂದಿನ ನ್ಯೂ ಮೆಕ್ಸಿಕೊದಲ್ಲಿ ಮರೆಮಾಡಿ ಒಯ್ಯಲು ಲೈಸೆನ್ಸ್ ಬೇಕು. ಆದರೆ ಆತ್ಮರಕ್ಷಣೆಗೆ ಸ್ವಂತ ವಾಹನದಲ್ಲಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಅರಿಜೋನಾದಲ್ಲಿ ಲೈಸೆನ್ಸೇ ಬೇಡ. ಕೊಲರಾಡೊ ನದಿ ದಾಟಿ ಕ್ಯಾಲಿಫೋರ್ನಿಯಾ ಪ್ರವೇಶಿಸುವ ಮೊದಲು ಮಾತ್ರ ಕಾರು ನಿಲ್ಲಿಸಬೇಕು. ಗುಂಡು ತೆಗೆದು, ಪಿಸ್ತೂಲನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿಯಬೇಕು. 10ಕ್ಕಿಂತ ಹೆಚ್ಚು ಗುಂಡು ಹಿಡಿಸುವ ಮ್ಯಾಗಜಿನ್ ಇದ್ದರೆ ಅದನ್ನು ಗಡಿಯಾಚೆಗೆ ಒಯ್ಯುವಂತೆಯೇ ಇಲ್ಲ.

ಇಷ್ಟರ ನಡುವೆ ಪೊಲೀಸರು ಕಾರು ತಡೆದರೆ ಏನು ಹೇಳಬೇಕು ಎಂಬುದೂ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಮಿಷಿಗನ್, ನಾರ್ತ್ ಕ್ಯಾರೊಲಿನಾ, ಅಲಾಸ್ಕದಂಥ ರಾಜ್ಯಗಳಲ್ಲಿ ಪಿಸ್ತೂಲ್ ಮರೆಮಾಡಿ ಒಯ್ಯುವವರು ಪೊಲೀಸರು ಕೇಳುವ ಮುನ್ನವೇ ತಿಳಿಸಬೇಕು. ಕೇಳಿದಾಗ ಹೇಳಿದರೆ ಸಾಕು ಎನ್ನುವ ರಾಜ್ಯಗಳೂ ಇವೆ.

ವಿಮಾನ, ರೈಲು, ಬಸ್‌ನಲ್ಲಿ ಹೇಗೆ?

ವಿಮಾನದ ಕ್ಯಾಬಿನ್‌ಗೆ ಪಿಸ್ತೂಲ್ ಒಯ್ಯುವಂತಿಲ್ಲ. ಚೆಕ್-ಇನ್ ಲಗೇಜಿನಲ್ಲಿ ಮಾತ್ರ ಅವಕಾಶ. ಗುಂಡು ತೆಗೆದು, ಗಟ್ಟಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಕೌಂಟರ್‌ನಲ್ಲಿ ಘೋಷಿಸಬೇಕು. ಹೀಗಿದ್ದೂ 2023ರಲ್ಲಿ ಅಮೆರಿಕದ ವಿಮಾನ ನಿಲ್ದಾಣಗಳ ಭದ್ರತಾ ತಪಾಸಣೆಯಲ್ಲಿ 6,737 ಬಂದೂಕುಗಳು ಸಿಕ್ಕಿವೆ. ಅವುಗಳಲ್ಲಿ ಶೇ 93ರಷ್ಟರಲ್ಲಿ ಗುಂಡು ತುಂಬಿತ್ತು. ಇದಕ್ಕೆ 15 ಸಾವಿರ ಡಾಲರ್ ಆಸುಪಾಸಿನವರೆಗೂ ದಂಡ ಬೀಳಬಹುದು. ಸ್ಥಳೀಯ ಪೊಲೀಸರ ಪ್ರಕರಣ ಬೇರೆ.

ಆಮ್‌ಟ್ರ್ಯಾಕ್ ರೈಲಿನಲ್ಲಿ ಲಗೇಜ್ ಸೇವೆ ಇರುವ ನಿಲ್ದಾಣಗಳ ನಡುವೆ, 24 ಗಂಟೆ ಮೊದಲೇ ತಿಳಿಸಿದರೆ ಅವಕಾಶವಿದೆ. ಗ್ರೇಹೌಂಡ್ ಬಸ್‌ಗಳಲ್ಲಿ ಸಂಪೂರ್ಣ ನಿಷೇಧ.

ಲೈಸೆನ್ಸ್ ಇದ್ದರೂ ಒಯ್ಯಬಾರದ ಜಾಗಗಳು

ನ್ಯಾಯಾಲಯ ಹಾಗೂ ಇತರ ಫೆಡರಲ್ ಸರ್ಕಾರಿ ಕಟ್ಟಡಗಳಿಗೆ ಪಿಸ್ತೂಲ್ ಒಯ್ಯುವಂತಿಲ್ಲ. ಶಾಲೆಗಳ ಸುತ್ತ 1,000 ಅಡಿ ವ್ಯಾಪ್ತಿಯಲ್ಲಿ ಫೆಡರಲ್ ನಿಷೇಧವಿದೆ. ಆ ಶಾಲೆ ಇರುವ ರಾಜ್ಯವೇ ಕೊಟ್ಟ ಲೈಸೆನ್ಸ್ ಇದ್ದವರಿಗೆ ಅದರಿಂದ ವಿನಾಯಿತಿ ಉಂಟು. ಶಾಲೆಯ ಆವರಣಕ್ಕೆ ರಾಜ್ಯದ ನಿಯಮ ಪ್ರತ್ಯೇಕವಾಗಿ ಅನ್ವಯವಾಗುತ್ತದೆ.

ರಾಷ್ಟ್ರೀಯ ಉದ್ಯಾನಗಳ ವಿಚಾರ ಸ್ವಲ್ಪ ಗೊಂದಲದ್ದು. 2010ರ ಫೆಬ್ರುವರಿಯಿಂದ ಆಯಾ ರಾಜ್ಯದ ಕಾನೂನು ಒಪ್ಪಿದರೆ ಉದ್ಯಾನದೊಳಗೆ ಇಟ್ಟುಕೊಳ್ಳಬಹುದು. ಆದರೆ ಅಲ್ಲಿನ ಮಾಹಿತಿ ಕೇಂದ್ರ, ಕಚೇರಿಯಂಥ ಸರ್ಕಾರಿ ಕಟ್ಟಡಗಳಿಗೆ ಒಯ್ಯುವಂತಿಲ್ಲ. ಅರಿಜೋನಾ, ನೆವಾಡಾ ಗಡಿಯಲ್ಲಿರುವಂತೆ, ಕೆಲವು ಉದ್ಯಾನಗಳು ಎರಡು ರಾಜ್ಯಗಳಲ್ಲಿ ಹರಡಿಕೊಂಡಿವೆ ಎಂಬುದನ್ನೂ ಮರೆಯುವಂತಿಲ್ಲ.

ನಯಾಗರ ನೋಡಲು ಹೋದವರು ಕಾರಿನಲ್ಲೇ ಕೆನಡಾ ಕಡೆಗೆ ದಾಟುವುದುಂಟು. ಕಾರಿನಲ್ಲಿ ಹ್ಯಾಂಡ್‌ಗನ್ ಇದ್ದರೆ ಅಮೆರಿಕದ ಯಾವ ರಾಜ್ಯದ ಲೈಸೆನ್ಸೂ ಅಲ್ಲಿ ಉಪಯೋಗಕ್ಕೆ ಬಾರದು. ಕೆನಡಾ 2022ರ ಅಕ್ಟೋಬರ್‌ನಲ್ಲಿ ಹ್ಯಾಂಡ್‌ಗನ್ ಮಾರಾಟ ಮತ್ತು ಹಸ್ತಾಂತರಕ್ಕೂ ತಡೆ ಹಾಕಿದೆ.

ಎಚ್-1ಬಿ, ಎಫ್-1, ಪ್ರವಾಸಿ ವೀಸಾದಲ್ಲಿರುವವರಿಗೆ ಯಾವ ನಿಯಮ?

ಭಾರತೀಯರ ಮಟ್ಟಿಗೆ ಅತಿ ಮುಖ್ಯವಾದ ಭಾಗ ಇದು. ಎಚ್-1ಬಿ, ಎಚ್-4, ಎಲ್-1, ಎಫ್-1, ಬಿ-2 ಮುಂತಾದ ತಾತ್ಕಾಲಿಕ ವೀಸಾದಲ್ಲಿ ಅಮೆರಿಕದಲ್ಲಿರುವವರು ಬಂದೂಕು ಅಥವಾ ಗುಂಡು ಹೊಂದುವುದನ್ನು ಫೆಡರಲ್ ಕಾನೂನೇ ನಿಷೇಧಿಸಿದೆ. ಟೆಕ್ಸಾಸ್ ಲೈಸೆನ್ಸ್ ಕೇಳುವುದಿಲ್ಲ, ಅರಿಜೋನಾ ಕೇಳುವುದಿಲ್ಲ ಎಂಬುದು ಇವರಿಗೆ ಅನ್ವಯವಾಗದ ಮಾತು. 1986ರ ಕಾಯ್ದೆಯ ರಕ್ಷಣೆಯೂ ಇವರಿಗಿಲ್ಲ.

ಕೆಲವು ವಿನಾಯಿತಿಗಳಿವೆ. ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇರುವವರು ಮತ್ತು ಬೇಟೆ ಅಥವಾ ಶೂಟಿಂಗ್ ಕ್ರೀಡೆಗೆಂದೇ ದೇಶ ಪ್ರವೇಶಿಸಿದವರು ಈ ಫೆಡರಲ್ ನಿಷೇಧದಿಂದ ಹೊರಗಿದ್ದಾರೆ. ಆದರೆ ಇದು ಪಿಸ್ತೂಲ್ ಸೊಂಟಕ್ಕೆ ಕಟ್ಟಿಕೊಂಡು ತಿರುಗಲು ಕೊಟ್ಟ ಅನುಮತಿಯಲ್ಲ. ಅದಕ್ಕೆ ರಾಜ್ಯದ ನಿಯಮಗಳೂ ಒಪ್ಪಬೇಕು.

ವಾರಾಂತ್ಯದಲ್ಲಿ ಸ್ನೇಹಿತರ ಜತೆ ಶೂಟಿಂಗ್ ರೇಂಜ್‌ಗೆ ಹೋಗಿ, ಬಾಡಿಗೆಗೆ ಪಿಸ್ತೂಲ್ ಪಡೆದು, ಫೋಟೊ ತೆಗೆಸಿಕೊಂಡು ಇನ್‌ಸ್ಟಾಗ್ರಾಂಗೆ ಹಾಕುವುದು ವಿದ್ಯಾರ್ಥಿಗಳಲ್ಲಿ ಸಾಮಾನ್ಯ. ರೇಂಜ್‌ನಲ್ಲಿ ಕೆಲ ನಿಮಿಷ ಕೈಯಲ್ಲಿ ಹಿಡಿದರೂ ಅದು 'ಹೊಂದಿರುವುದು' ಎನಿಸಿಕೊಳ್ಳಬಹುದು.

ಸುಪ್ರೀಂ ಕೋರ್ಟ್ ವರೆಗೆ ಹೋದ 'ರೆಹೈಫ್' ಪ್ರಕರಣ ಶುರುವಾದದ್ದು ಹೀಗೆಯೇ. ವಿದ್ಯಾರ್ಥಿ ವೀಸಾದಲ್ಲಿ ಬಂದ ಯುಎಇ ಮೂಲದ ಯುವಕನನ್ನು ಅಂಕ ಕಡಿಮೆಯಾದ ಕಾರಣಕ್ಕೆ ವಿಶ್ವವಿದ್ಯಾಲಯ ಕೈಬಿಟ್ಟಿತ್ತು. ಆ ಬಳಿಕವೂ ದೇಶದಲ್ಲೇ ಉಳಿದ ಆತ ಫ್ಲಾರಿಡಾದ ಶೂಟಿಂಗ್ ರೇಂಜ್‌ನಲ್ಲಿ ಗುಂಡು ಹಾರಿಸಿದ. ಕೆಳ ನ್ಯಾಯಾಲಯ 18 ತಿಂಗಳ ಜೈಲು ವಿಧಿಸಿತು. ತಾನು ಅಕ್ರಮವಾಗಿ ದೇಶದಲ್ಲಿದ್ದೇನೆ ಎಂಬುದು ಆರೋಪಿಗೆ ಗೊತ್ತಿತ್ತು ಎಂದು ಸರ್ಕಾರ ಸಾಬೀತು ಮಾಡಬೇಕು ಎಂದು 2019ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆತನ ವಿರುದ್ಧದ ತೀರ್ಪನ್ನು ಬದಿಗಿಟ್ಟಿತು. ಆದರೆ ತಮ್ಮ ವೀಸಾ ಯಾವುದು ಎಂದು ಗೊತ್ತಿದ್ದೂ ಬಂದೂಕು ಕಾನೂನು ಗೊತ್ತಿರಲಿಲ್ಲ ಎನ್ನುವವರಿಗೆ ಈ ತೀರ್ಪಿನಿಂದ ಲಾಭವಿಲ್ಲ.

ಶಿಕ್ಷೆ ಎಷ್ಟು?

ಅನರ್ಹರು ಬಂದೂಕು ಹೊಂದಿದರೆ ಗರಿಷ್ಠ 10 ವರ್ಷ ಇದ್ದ ಶಿಕ್ಷೆಯನ್ನು 2022ರಲ್ಲಿ 15 ವರ್ಷಕ್ಕೆ ಏರಿಸಲಾಗಿದೆ. ಜೈಲಿಗಿಂತ ದೊಡ್ಡ ಹೊಡೆತ ವಲಸೆ ಕಾನೂನಿನಿಂದ ಬರುತ್ತದೆ. ಬಂದೂಕು ಅಪರಾಧದಲ್ಲಿ ಶಿಕ್ಷೆಯಾದ ವಿದೇಶಿಯರನ್ನು ಗಡೀಪಾರು ಮಾಡಲು ಅವಕಾಶವಿದೆ. ಇದು ಗ್ರೀನ್ ಕಾರ್ಡ್ ಇರುವವರಿಗೂ ಅನ್ವಯ.

ಗ್ರೀನ್ ಕಾರ್ಡ್ ಇರುವವರು ಫೆಡರಲ್ ಕಾನೂನಿನ ಪ್ರಕಾರ ಬಂದೂಕು ಹೊಂದಬಹುದು. ಆದರೆ ಗಡಿಯ ನಿಯಮ ತಿಳಿಯದೆ ಫಿಲಡೆಲ್ಫಿಯಾದ ಆ ಮಹಿಳೆ ಮಾಡಿದ ತಪ್ಪನ್ನೇ ಇವರು ಮಾಡಿದರೆ, ವರ್ಷಗಟ್ಟಲೆ ಕಾದು ಪಡೆದ ಕಾರ್ಡ್ ಕೈತಪ್ಪುವ ಅಪಾಯವಿದೆ. ಆಕೆ ಅಮೆರಿಕನ್ ನಾಗರಿಕಳಾಗಿದ್ದರಿಂದ ಗಡೀಪಾರಿನ ಮಾತು ಬರಲಿಲ್ಲ.

ಪದೇ ಪದೇ ಕೇಳುವ ಪ್ರಶ್ನೆಗಳು

ರೂಮ್‌ಮೇಟ್ ಬಳಿ ಪಿಸ್ತೂಲ್ ಇದ್ದರೆ ವೀಸಾದಲ್ಲಿರುವವರಿಗೆ ತೊಂದರೆಯೇ?
ಅದು ಬೇರೆಯವರದ್ದು ಎಂಬುದಷ್ಟೇ ಸಾಲದು. ವೀಸಾದಲ್ಲಿರುವವರ ಕೈಗೂ, ಹತೋಟಿಗೂ ಸಿಗುವಂತಿದ್ದರೆ ಅವರೂ ಹೊಂದಿದ್ದಾರೆ ಎಂದು ವಾದಿಸಲು ಆಸ್ಪದವಿದೆ. ಮಾಲೀಕರು ಅದನ್ನು ಬೀಗ ಹಾಕಿಟ್ಟು, ಕೀಲಿ ತಮ್ಮ ಬಳಿಯೇ ಇಟ್ಟುಕೊಳ್ಳುವುದು ಸೂಕ್ತ. ಗೆಳೆಯರ ಕಾರನ್ನು ಎರವಲು ಪಡೆಯುವಾಗಲೂ ಗ್ಲೋವ್ ಬಾಕ್ಸ್‌ನಲ್ಲಿ ಏನಿದೆ ಎಂದು ಕೇಳಿಕೊಳ್ಳಬೇಕು.

ಬೇರೆ ರಾಜ್ಯಕ್ಕೆ ಹೋಗಿ ಹ್ಯಾಂಡ್‌ಗನ್ ಕೊಂಡು ತರಬಹುದೇ?
ಸಾಧ್ಯವಿಲ್ಲ. ಹೊರರಾಜ್ಯದ ಅಂಗಡಿಯಲ್ಲಿ ಆರಿಸಿದರೂ, ಖರೀದಿದಾರರು ವಾಸಿಸುವ ರಾಜ್ಯದ ಲೈಸೆನ್ಸ್ ಪಡೆದ ಮಾರಾಟಗಾರರಿಗೆ ಅದನ್ನು ಕಳುಹಿಸಿ, ಅಲ್ಲಿಂದಲೇ ಪಡೆಯಬೇಕು.

ರೇಂಜ್‌ನಿಂದ ನೆನಪಿಗೆಂದು ಗುಂಡು ತರಬಹುದೇ?
ಬೇಡವೇ ಬೇಡ. ವೀಸಾದಲ್ಲಿರುವವರಿಗೆ ಗುಂಡು ಹೊಂದುವುದೂ ಅಪರಾಧ. ಜತೆಗೆ ಭಾರತದ ವಿಮಾನ ನಿಲ್ದಾಣದಲ್ಲಿ ಬ್ಯಾಗ್‌ನಲ್ಲಿ ಒಂದೇ ಒಂದು ಸಜೀವ ಗುಂಡು ಸಿಕ್ಕರೂ ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರಕರಣ ದಾಖಲಾಗಬಹುದು. ಬ್ಯಾಗ್‌ನಲ್ಲಿ ಗುಂಡು ಇರುವುದು ಪ್ರಯಾಣಿಕರಿಗೆ ಗೊತ್ತೇ ಇರಲಿಲ್ಲ ಎಂಬ ಕಾರಣಕ್ಕೆ ದೆಹಲಿ ಹೈಕೋರ್ಟ್ ಇಂಥ ಎಷ್ಟೋ ಪ್ರಕರಣಗಳನ್ನು ರದ್ದುಪಡಿಸಿದೆ. ಅಷ್ಟರೊಳಗೆ ವಿಮಾನ ತಪ್ಪಿ, ಕೋರ್ಟ್ ಅಲೆದಾಟ ಆಗಿರುತ್ತದೆ. ಮಗನೋ ಮಗಳೋ ಬಳಸಿದ ಹಳೆಯ ಬ್ಯಾಗನ್ನು ತಂದೆತಾಯಿ ಹಿಡಿದು ಹೊರಡುವ ಮುನ್ನ ಒಳಗಿನ ಜೇಬುಗಳನ್ನೆಲ್ಲ ಒಮ್ಮೆ ತಡಕಿ ನೋಡುವುದು ಉತ್ತಮ.

ನಿಯಮ ಸರಿಯಾಗಿ ತಿಳಿಯುವುದು ಎಲ್ಲಿ?
ಬ್ರೂಯೆನ್ ತೀರ್ಪಿನ ಬಳಿಕ ರಾಜ್ಯಗಳ ಕಾನೂನುಗಳು ನ್ಯಾಯಾಲಯಗಳಲ್ಲಿ ಪ್ರಶ್ನೆಗೊಳಗಾಗುತ್ತಲೇ ಇವೆ, ಬದಲಾಗುತ್ತಲೂ ಇವೆ. ಹೋದ ವರ್ಷದ ಮಾಹಿತಿ ಈ ವರ್ಷಕ್ಕೆ ಸರಿಯಿರಬೇಕೆಂದಿಲ್ಲ. ಹೊರಡುವ ರಾಜ್ಯ, ದಾರಿಯಲ್ಲಿ ಸಿಗುವ ರಾಜ್ಯ, ತಲುಪುವ ರಾಜ್ಯ ಹೀಗೆ ಪ್ರತಿಯೊಂದರ ಅಟಾರ್ನಿ ಜನರಲ್ ಕಚೇರಿ ಅಥವಾ ರಾಜ್ಯ ಪೊಲೀಸ್ ವೆಬ್‌ಸೈಟ್ ನೋಡಬೇಕು. ವೀಸಾದಲ್ಲಿರುವವರು ಬಂದೂಕು ಮುಟ್ಟುವ ಮುನ್ನವೇ ವಲಸೆ ವಕೀಲರನ್ನು ವಿಚಾರಿಸುವುದು ಒಳಿತು. ಬಂದೂಕು ಅಂಗಡಿಯವರ ಅಥವಾ ಸ್ನೇಹಿತರ ಮಾತು ನಂಬಿ ಹೊರಟವರಿಗೆ ನ್ಯಾಯಾಲಯದಲ್ಲಿ ಆ ಮಾತು ನೆರವಿಗೆ ಬರುವುದಿಲ್ಲ.